ತಿರುವಿಗೆ ಚೆಲ್ಲಿದ ಬೂದಿ

“ಬುದ್ಧಿ, ವಾದದಲ್ಲಿ ನನ್ನೆದುರು ನಿಲ್ಲುವವರು ಈ ಸೀಮೆಯಲ್ಲೇ ಇಲ್ಲ. ಆದರೂ ಇನ್ನು ಮೇಲೆ ಸಭೆಯಲ್ಲಿ ಬಾಯಿ ಬಿಡಬೇಡ ಎನ್ನುತ್ತೀರಿ. ನನ್ನಲ್ಲಿ ಏನು ಕಡಿಮೆಯಾಗಿದೆ?”

ಮಠದ ಶಿಷ್ಯ ರುದ್ರಮುನಿ ಗುರುಗಳನ್ನು ಹೀಗೆ ಕೇಳಿದ. ಚಿಕ್ಕಂದಿನಲ್ಲಿ ತನಗೆ ಅಕ್ಷರ ತಿದ್ದಿಸಿದ ಮುದಿ ಪಂಡಿತರನ್ನೇ ಅವನು ಹಿಂದಿನ ದಿನ ತುಂಬಿದ ಸಭೆಯಲ್ಲಿ ಸೋಲಿಸಿದ್ದ. ಅವರು ಊಟವನ್ನೂ ಮಾಡದೆ ಹೊರಟುಹೋಗಿದ್ದರು.

“ಕಡಿಮೆ ಏನೂ ಇಲ್ಲ ಮಾರಾಯ, ಕೂತುಕೋ” ಎಂದು ಗುರುಗಳು ಕತೆ ಹೇಳಿದರು.

ಹಿಮದ ಬೆಟ್ಟಗಳ ಸೀಮೆಯಲ್ಲಿ ಅಣ್ಣ ತಮ್ಮ ಇಬ್ಬರು ಜೀಪು ಓಡಿಸಿ ಬದುಕುತ್ತಿದ್ದರು. ತಮ್ಮನಿಗೆ ಗಾಡಿ ಕಲಿಸಿದವನು ಅಣ್ಣನೇ. ಅಲ್ಲಿ ಒಂದು ರೂಢಿ. ಘಟ್ಟದ ನೆತ್ತಿ ಮುಟ್ಟಿದ ಮೇಲೆ ಜನರೆಲ್ಲ ಇಳಿಯಬೇಕು. ಒಲೆಯ ಬೂದಿಯನ್ನು ಚೀಲದಲ್ಲಿ ತಂದು, ಚಕ್ರ ಜಾರದಂತೆ ಇಳಿಜಾರಿನ ಮಂಜುಗಡ್ಡೆಯ ಮೇಲೆ ಚೆಲ್ಲಬೇಕು. ಆಮೇಲೆ ಬರಿ ಜೀಪು ಇಳಿಯಬೇಕು. ಅರ್ಧ ದಿನ ಹಿಡಿದರೂ ಯಾರೂ ಗೊಣಗುವುದಿಲ್ಲ.

ಆ ಚಳಿಗಾಲ ತಮ್ಮ ಫೋರ್‌ವೀಲ್ ಜೀಪು ಕೊಂಡ. ನಾಲ್ಕೂ ಚಕ್ರ ಎಳೆಯುವ ಗಾಡಿ. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ದಿನ ಏರಿನಲ್ಲಿ ಅಣ್ಣನ ಹಳೆಯ ಜೀಪು ಹಿಮದಲ್ಲಿ ಹೂತಿತು. ತಮ್ಮ ಹಗ್ಗ ಕಟ್ಟಿ ಅದನ್ನು ನೆತ್ತಿಯವರೆಗೂ ಎಳೆದು ತಂದ. ಜನ ಭಲೇ ಎಂದರು.

“ಇಲ್ಲಿ ಜನರನ್ನು ಇಳಿಸೋ. ಬೂದಿ ಚೆಲ್ಲಲಿ” ಎಂದ ಅಣ್ಣ.

“ಬೂದಿ ತಂದೇ ಇಲ್ಲಣ್ಣ. ನಿನ್ನ ಜೀಪನ್ನೇ ಎಳೆದು ತಂದ ಗಾಡಿ, ಇದಕ್ಕೆ ಇಳಿಯುವುದು ಒಂದು ಲೆಕ್ಕವೇ?”

ಅಣ್ಣ ಮಾತು ಬೆಳೆಸಲಿಲ್ಲ. “ಕೆಳಗಿನ ತಿರುವಿನಿಂದ ಚೆಲ್ಲುತ್ತ ಮೇಲೆ ಬರುತ್ತೇನೆ. ಅಲ್ಲಿಯವರೆಗೆ ಇರು” ಎಂದು ತನ್ನ ಚೀಲವನ್ನೇ ಹೆಗಲಿಗೇರಿಸಿಕೊಂಡು ನಡೆದ.

ತಮ್ಮನಿಗೆ ಕಾಯುವುದೆಂದರೆ ಅವಮಾನ. ಒಳಗಿದ್ದವರಿಗೂ ಅವಸರ. ಹೊರಟೇಬಿಟ್ಟ. ತಿರುವಿನಲ್ಲಿ ಬಗ್ಗಿ ಬೂದಿ ಚೆಲ್ಲುತ್ತಿದ್ದ ಅಣ್ಣ ಕಂಡ. ತಮ್ಮ ಬ್ರೇಕನ್ನು ಒತ್ತಿ ಹಿಡಿದ. ನಾಲ್ಕೂ ಚಕ್ರ ನಿಂತವು, ಜೀಪು ನಿಲ್ಲಲಿಲ್ಲ. ಹತ್ತುವಾಗ ಬಂದ ಬಲ ಈಗ ಕವಡೆಯಷ್ಟೂ ಕೆಲಸಕ್ಕೆ ಬರಲಿಲ್ಲ. ಅಣ್ಣ ತಲೆ ಎತ್ತಿದ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಎಲ್ಲಿಗೆ ಸರಿದಾನು? ಜೀಪು ಅವನ ಮೇಲೆ ಹಾದು, ಅವನು ಆಗಲೇ ಚೆಲ್ಲಿದ್ದ ಬೂದಿಯ ಮೇಲೆ ಹೋಗಿ ನಿಂತಿತು. ಒಳಗಿದ್ದ ಒಬ್ಬರಿಗೂ ಗಾಯವಾಗಲಿಲ್ಲ. ಅಣ್ಣನ ಮುಷ್ಟಿಯಲ್ಲಿ ಇನ್ನೂ ಒಂದು ಹಿಡಿ ಬೂದಿ ಇತ್ತು. ತಮ್ಮ ಆ ಮುಷ್ಟಿಯನ್ನು ಬಿಡಿಸಲಾರದೆ ಅತ್ತ.

“ಅಯ್ಯೋ ಪಾಪಿ! ಕಲಿಸಿದವನು ಎದುರಿಗೆ ಕಂಡ ಮೇಲೂ ನಿಲ್ಲಿಸಲಾಗಲಿಲ್ಲವೇ?” ಎಂದ ರುದ್ರಮುನಿ.

ಗುರುಗಳು ಅವನ ಮುಖವನ್ನೇ ನೋಡಿದರು.

“ನಿನ್ನೆ ಪಂಡಿತರು ಕೈಮುಗಿದು ‘ಸಾಕು ಮಗು’ ಎಂದಾಗ, ನೀನು ನಿಲ್ಲಿಸಿದೆಯಾ?”