ಏಳು ಟವೆಲ್‌ಗಳ ಸಭೆ

ಮರಿಸ್ವಾಮಿ ಆಶ್ರಮಕ್ಕೆ ಬಂದದ್ದು ಬಸ್ಸಿನಲ್ಲಿ. ಹೊಳೆ ದಾಟಿದ್ದರೆ ಕಾಲು ಗಂಟೆಯ ದಾರಿ. ಅವನು ಸೇತುವೆ ಸುತ್ತಿ, ಎರಡು ಬಸ್ಸು ಬದಲಿಸಿ, ಮೂರು ಗಂಟೆ ಧೂಳು ಕುಡಿದು ಬಂದ.

ಆಶ್ರಮದ ಅಮ್ಮ ಪರ್ವತಮ್ಮನವರು ಬಾವಿಕಟ್ಟೆಯ ಪಕ್ಕ ಕೂತು ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ತೆಪ್ಪ ಇರಲಿಲ್ಲವೇನಪ್ಪ?”

“ಇತ್ತು ಅಮ್ಮ.”

“ಬೋಳಯ್ಯ ಇರಲಿಲ್ಲವಾ?”

“ಇದ್ದ.”

ಅಮ್ಮ ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚಿದರು. ಕೇಳುವಂಥದ್ದೇನೂ ಉಳಿದಿರಲಿಲ್ಲ.

ಮರಿಸ್ವಾಮಿ ರಿಟೈರಾದ ಮೇಷ್ಟರು. ಹನ್ನೊಂದು ವರ್ಷದಿಂದ ಅಮ್ಮನ ಶಿಷ್ಯ, ಮೂರು ವರ್ಷದಿಂದ ಸಂಘದ ಅಧ್ಯಕ್ಷ. ಹೊಳೆಯಾಚೆಯ ಊರಿನವರು ತಮ್ಮ ಸೊಪ್ಪು, ಕನಕಾಂಬರ, ಈಚಲು ಚಾಪೆಗಳನ್ನು ಪೇಟೆಗೆ ಸಾಗಿಸಲು ಕಟ್ಟಿಕೊಂಡ ಸಂಘ ಅದು. ಅದಕ್ಕೊಂದು ದೊಡ್ಡ ಮರದ ದೋಣಿ. ನಡೆಸಲು ಬೋಳಯ್ಯ. ಒಳಗೆ ಜಿನುಗುವ ನೀರನ್ನು ಎತ್ತಿ ಹೊರಗೆ ಚೆಲ್ಲಲು ಅವನ ಹೆಂಡತಿ ಚೌಡಮ್ಮ. ಮೇಲುಸ್ತುವಾರಿಗೆ ಆಡಳಿತ ಮಂಡಳಿ: ಅಧ್ಯಕ್ಷರು, ಏಳು ಜನ ಸದಸ್ಯರು. ಮಂಡಳಿಯವರು ಯಾರಿಗೂ ಸಂಬಳವಿಲ್ಲ. ಎಲ್ಲ ಸೇವೆ.

ಹದಿಮೂರು ದಿನದ ಹಿಂದೆ ನಡುಹೊಳೆಯಲ್ಲಿ ದೋಣಿಯ ತಳ ಬಿಟ್ಟುಕೊಂಡಿತು. ಹದಿನಾಲ್ಕು ಜನ ಈಜಿಯೋ, ಬುಟ್ಟಿ ತಬ್ಬಿಯೋ ದಡ ಸೇರಿದರು. ಮೂವರು ಹೆಂಗಸರು ಸೇರಲಿಲ್ಲ. ಅವರಲ್ಲಿ ಒಬ್ಬಳು ಚೌಡಮ್ಮ. ಕೊನೆಯವರೆಗೂ ನೀರು ಎತ್ತಿ ಹಾಕುತ್ತಲೇ ಇದ್ದಳಂತೆ.

“ಅಮ್ಮ, ನನಗೆ ದೀಕ್ಷೆ ಕೊಡಿ,” ಅಂದ ಮರಿಸ್ವಾಮಿ. “ಇಲ್ಲೇ ಇದ್ದುಬಿಡ್ತೀನಿ.”

“ಸಂಘ?”

ಅವನು ಜೇಬಿನಿಂದ ಒಂದು ಲಕೋಟೆ ತೆಗೆದ. “ನಾಳೆ ಸಂಜೆ ನಾಲ್ಕಕ್ಕೆ ಊರವರ ಸಭೆ. ಬೋಳಯ್ಯನೂ ಬರ್ತಾನೆ. ಇದು ನನ್ನ ರಾಜೀನಾಮೆ. ಆಶ್ರಮದವರು ಯಾರಾದರೂ ಆ ಕಡೆ ಹೋಗೋರಿದ್ದರೆ ಕೊಟ್ಟು ಕಳಿಸೋಣ ಅಂತ.”

ಅಮ್ಮ ಸೊಪ್ಪಿನ ಬೇರು ಮುರಿದು ಆಚೆ ಎಸೆದರು.

“ಬೆಳಿಗ್ಗೆ ಪಾಠಕ್ಕೆ ಬಾ. ದೀಕ್ಷೆ ಮಾತು ಆಮೇಲೆ.”

ಬೆಳಿಗ್ಗೆ ಅವನು ಮಿಂದು, ವಿಭೂತಿ ಹಚ್ಚಿ, ಆರೂವರೆಗೇ ಹೋಗಿ ಕೂತ. ಪೀಠದ ಮೇಲೆ ಅಮ್ಮ ಇರಲಿಲ್ಲ. ಅವರ ಕಾವಿ ಮೇಲುವಸ್ತ್ರ ಇತ್ತು, ನೀಟಾಗಿ ಮಡಿಸಿ ಇಟ್ಟದ್ದು.

ಬಂದವರೆಲ್ಲ ಅದಕ್ಕೇ ಅಡ್ಡಬಿದ್ದು ಕೂತರು. ಒಬ್ಬಾಕೆ ತನ್ನ ಕಷ್ಟವನ್ನೂ ಹೇಳಿಕೊಂಡಳು. ಏಳಾಯಿತು, ಎಂಟಾಯಿತು. ಮರಿಸ್ವಾಮಿಯ ಮಂಡಿ ಹಿಡಿದುಕೊಂಡಿತು. ಒಂಬತ್ತಕ್ಕೆ ಜನ ಒಬ್ಬೊಬ್ಬರಾಗಿ ಎದ್ದು ಹೋದರು.

ಹತ್ತಕ್ಕೆ ಅಮ್ಮ ತರಕಾರಿ ಮಡಿಯಿಂದ ಬಂದರು. ಮೊಣಕೈವರೆಗೆ ಮಣ್ಣು.

“ಪಾಠ ಹೇಗಿತ್ತು?”

“ನೀವೇ ಇರಲಿಲ್ಲವಲ್ಲ ಅಮ್ಮ.”

“ವಸ್ತ್ರ ಇತ್ತಲ್ಲ.”

ಮರಿಸ್ವಾಮಿಯ ಮುಖ ಇಳಿಯಿತು. “ಗೊತ್ತಾಯಿತು ಅಮ್ಮ.”

“ಇಷ್ಟು ಬೇಗ? ನಿನ್ನ ಕಾಯಿಲೆಯೇ ಅದು. ಏನು ಗೊತ್ತಾಯಿತು, ಹೇಳು, ನಾನೂ ಕೇಳ್ತೀನಿ. ಮೊದಲಿಂದ ಹೇಳು.”

ಅವನು ಹೇಳಿದ.

“ಮೊದಲ ವರ್ಷ ಎಲ್ಲರೂ ಸಭೆಗೆ ಬರೋರು. ಎರಡನೇ ವರ್ಷ ಒಂದು ದಿನ ಪಟೇಲರ ಮನೆಯಲ್ಲಿ ನಾಮಕರಣ. ‘ಮೇಷ್ಟ್ರೇ, ನನ್ನ ಟವೆಲ್ ಕುರ್ಚಿ ಮೇಲೆ ಹಾಕ್ಕೊಳ್ಳಿ, ನಾನು ಇದ್ದಂಗೇ’ ಅಂದರು. ಬಸ್ಸಲ್ಲಿ ಸೀಟು ಹಿಡಿಯಲ್ವೇ, ಹಾಗೆ. ನಾನು ಹ್ಞೂಂ ಅಂದೆ. ಮುಂದಿನ ತಿಂಗಳು ಎರಡು ಟವೆಲ್ ಬಂತು. ಅದರ ಮುಂದಿನ ತಿಂಗಳು ನಾಲ್ಕು.”

“ಬಂದಿಲ್ಲ ಅಂತ ಬರೀಬಹುದಿತ್ತು.”

“ಬಿಟ್ಟಿ ದುಡಿಯೋರು ಅಮ್ಮ. ಗಟ್ಟಿಯಾಗಿ ಕೇಳಿದ್ದರೆ ಟವೆಲ್ಲೂ ಬರ್ತಿರಲಿಲ್ಲ.”

ಅಮ್ಮನಿಗೆ ನಗು ಬಂತು. ಬಂದ ಹಾಗೆಯೇ ಹೋಯಿತು.

“ಹೇಗಿದ್ದವು ಟವೆಲ್‌ಗಳು? ಒಳ್ಳೆಯ ಸದಸ್ಯರಾ?”

“ಅಂಥ ಸದಸ್ಯರು ಸಿಗಲ್ಲ. ಜಗಳ ಇಲ್ಲ, ಟೀ ತಣ್ಣಗಾಯಿತು ಅಂತ ಗೊಣಗಲ್ಲ. ಏನು ಬರೆದರೂ ಸರ್ವಾನುಮತ.”

ಹೇಳಿದ ಮೇಲೆ ಅವನಿಗೆ ನಾಚಿಕೆಯಾಯಿತು.

“ಬೋಳಯ್ಯ ಸಭೆಗೆ ಬಂದು ಹೇಳಿದ್ದನಂತಲ್ಲ, ಯಾವಾಗ?”

“ಯುಗಾದಿ ಕಳೆದ ವಾರ. ಸಭೆ ನಡೀತಿತ್ತು. ಬಾಗಿಲಲ್ಲಿ ನಿಂತು ಹೇಳಿದ. ತಳದ ಹಲಗೆ ಮೆತ್ತಗಾಗಿದೆ, ಉಗುರಿಟ್ಟರೆ ಒಳಗೆ ಹೋಗ್ತದೆ, ಒಂದು ತಿಂಗಳು ದೋಣಿ ನಿಲ್ಲಿಸಿ ಹಲಗೆ ಬದಲಾಯಿಸಿ ಅಂತ. ಆಮೇಲೆ ಸುತ್ತ ನೋಡಿದ. ‘ನಾನು ಯಾರಿಗೆ ಹೇಳ್ತಾ ಇದ್ದೀನಿ ಮೇಷ್ಟ್ರೇ?’ ಅಂದ. ಮಂಡಳಿಗೆ ಹೇಳ್ತಿದ್ದೀಯ ಅಂದೆ.”

“ಅದಕ್ಕೆ ಅವನು?”

“ಏಳು ಕುರ್ಚಿಗೂ ಕೈ ಮುಗಿದು ಹೋದ.”

ಬಾವಿಯ ರಾಟೆ ಎಲ್ಲೋ ಕಿರ್ರೆಂದಿತು.

“ನೀನೇನು ಬರೆದೆ?”

“ಮುಂದಿನ ಸಭೆಗೆ ಮುಂದೂಡಲಾಗಿದೆ ಅಂತ. ಮೂರು ಸಭೆಯಲ್ಲೂ ಅದನ್ನೇ ಬರೆದೆ.”

“ದೋಣಿ ನಿಲ್ಲಿಸಲಾಗಿದೆ ಅಂತ ಬರೆದಿದ್ದರೂ ಟವೆಲ್‌ಗಳು ಒಪ್ಪುತ್ತಿದ್ದವು.”

“ಮದುವೆ ಕಾಲ ಅಮ್ಮ. ಹೂವಿಗೆ ಅದೇ ಕಾಲ. ದೋಣಿ ನಿಲ್ಲಿಸಿದ್ದರೆ ಊರೆಲ್ಲ ನನ್ನ ಮೇಲೆ ಬೀಳ್ತಿತ್ತು. ನಾನೊಬ್ಬನೇ ಹೇಗೆ ತೀರ್ಮಾನ ಮಾಡಲಿ ಅನ್ನಿಸಿತು.”

“ಸಂಘದ ಕಟ್ಟಡಕ್ಕೆ ಗುಲಾಬಿ ಬಣ್ಣ ಹೊಡೆಸಿದಿರಲ್ಲ, ಅದನ್ನ ಯಾರು ತೀರ್ಮಾನ ಮಾಡಿದ್ದು?”

“ಆಗ ಎಂಟು ಜನ ಇದ್ದೆವು.”

ಮಾತು ಬಾಯಿಂದ ಬಿದ್ದಾಗಿತ್ತು. ಮರಿಸ್ವಾಮಿ ತನ್ನ ದನಿಯನ್ನು ತಾನೇ ಕೇಳಿಸಿಕೊಂಡ. ಏಳು ಟವೆಲ್‌ಗಳನ್ನೂ ಜನ ಅಂತಲೇ ಎಣಿಸಿದ್ದ.

“ಯಾರ್ಯಾರವು ಆ ಟವೆಲ್‌ಗಳು?”

“ಪಟೇಲರದು ಒಂದು, ಜರಿ ಅಂಚಿನದು. ಗಿರಣಿ ಪುಟ್ಟಮಲ್ಲಪ್ಪನದು, ಹಿಟ್ಟಿನ ವಾಸನೆ ಹೊಡೆಯುತ್ತೆ. ಹೂವಿನ ದಲ್ಲಾಳಿ ಅಣ್ಣತಮ್ಮಂದಿರವು ಎರಡು. ಶಾನುಭೋಗರ ಸೊಸೆ ಸೆರಗಿನ ಪಿನ್ನು ಚುಚ್ಚಿದ ಕರವಸ್ತ್ರ ಕಳಿಸ್ತಿದ್ದಳು. ಕಂಡಕ್ಟರ್ ಚಿನ್ನಸ್ವಾಮಿಯದು ಖಾಕಿ.” ಅವನ ಬೆರಳು ಅಲ್ಲಿಗೆ ನಿಂತಿತು.

“ಆರಾಯಿತು.”

ಅವನು ಏಳನೆಯ ಬೆರಳನ್ನು ಮಡಿಸಿಕೊಂಡ.

“ನನಗಿರೋದು ಎರಡು ಮೇಲುವಸ್ತ್ರ, ಮರಿಸ್ವಾಮಿ. ಒಂದು ಈ ಪೀಠದ ಮೇಲಿದೆ. ಇನ್ನೊಂದೆಲ್ಲಿ?”

“ಮಧ್ಯದ ಕುರ್ಚಿ ಮೇಲೆ ಅಮ್ಮ. ನೀವು ಗೌರವ ಸದಸ್ಯರಲ್ಲವೇ. ಸಂಘ ಶುರುವಾದ ದಿನ ಆಶೀರ್ವಾದ ಅಂತ ಕೊಟ್ಟಿದ್ದಿರಿ. ಅವತ್ತಿನಿಂದ ಅದನ್ನ ತೆಗೆದೇ ಇಲ್ಲ.”

“ಬೋಳಯ್ಯ ಅದಕ್ಕೂ ಕೈ ಮುಗಿದನಾ?”

“ಅದಕ್ಕೇ ಮೊದಲು ಮುಗಿದ.”

ಪರ್ವತಮ್ಮನವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಕೈಯ ಮಣ್ಣು ಒಣಗಿ ಪುಡಿಪುಡಿಯಾಗಿ ಉದುರತೊಡಗಿತು.

ಹನ್ನೊಂದು ವರ್ಷದಲ್ಲಿ ಅವರನ್ನು ಹಾಗೆ ಕಂಡಿರಲಿಲ್ಲ ಮರಿಸ್ವಾಮಿ. ಏನೋ ಸಮಾಧಾನ ಹೇಳಹೊರಟ. “ನಿಮಗೆ ಹೇಗೆ ಗೊತ್ತಾಗಬೇಕು ಅಮ್ಮ, ನೀವು ಅಲ್ಲಿ ಇರಲೇ ಇಲ್ಲ.”

“ಹೌದು,” ಅಂದರು ಅಮ್ಮ. “ಮೂರು ವರ್ಷ ಇರಲೇ ಇಲ್ಲ.”

ಆಮೇಲೆ ಎದ್ದರು.

“ಆ ಲಕೋಟೆ ಎಲ್ಲಿ?”

“ಜೇಬಿನಲ್ಲೇ ಇದೆ. ಕೊಟ್ಟು ಕಳಿಸೋಣ ಅಂತ...”

“ಇರೋ ಟವೆಲ್ ಸಾಲದು ಅಂತ ಇದೊಂದನ್ನ ಕಳಿಸ್ತೀಯಾ?”

ಮರಿಸ್ವಾಮಿ ಲಕೋಟೆಯನ್ನು ಇನ್ನೂ ಒಳಕ್ಕೆ ತುರುಕಿಕೊಂಡ. “ಹಾಗಾದರೆ ದೀಕ್ಷೆ, ಅಮ್ಮ?”

“ಆ ಊರಿನ ಕುರ್ಚಿಗೆ ಒಂದು ಕಾವಿ ಸಾಕು. ನಡಿ. ನಾಲ್ಕು ಗಂಟೆಗೆ ಸಭೆ ಅಂದೆ.”

“ಬಸ್ಸು ಹನ್ನೆರಡೂವರೆಗೆ.”

“ಬಸ್ಸು ಯಾಕೆ?”

ಅಮ್ಮ ಉತ್ತರಕ್ಕೆ ಕಾಯಲಿಲ್ಲ. ಪೀಠದ ಮೇಲಿನ ವಸ್ತ್ರವನ್ನು ಅಲ್ಲೇ ಬಿಟ್ಟು, ಬರಿ ಹೆಗಲಲ್ಲಿ ಹೊಳೆಯ ಕಡೆ ಹೊರಟರು. ಮರಿಸ್ವಾಮಿ ಹಿಂದೆ ನಡೆದ.

ದಡದಲ್ಲಿ ಬೋಳಯ್ಯ ತೆಪ್ಪದ ಅಂಚಿಗೆ ಒರಗಿ ಕೂತಿದ್ದ. ಅಮ್ಮನನ್ನು ಕಂಡು ಎದ್ದ. ಅವನ ಗಲ್ಲದ ಗಡ್ಡ ಹದಿನಾಲ್ಕು ದಿನದ್ದು.

“ಆಚೆ ದಡಕ್ಕೆ ಬೋಳಯ್ಯ,” ಅಂದರು ಅಮ್ಮ. “ನಿನ್ನ ಮಾತು ಅವತ್ತೇ ಕೇಳಬೇಕಿದ್ದೋರು ಇಬ್ಬರು ಇವತ್ತು ಬಂದಿದ್ದೀವಿ.”

ಬೋಳಯ್ಯ ಅವರನ್ನು ನೋಡಿದ. ಅವರ ಬರಿ ಹೆಗಲನ್ನು ನೋಡಿದ.

“ಬನ್ನಿ ಅವ್ವಾ. ಮೇಷ್ಟ್ರು ಬಸ್ಸಲ್ಲಿ ಬರ್ತಾರೇನೋ.”

ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಮರಿಸ್ವಾಮಿಗೆ ಹಗುರವಾಗುತ್ತಿತ್ತು.

ಅಮ್ಮ ತೆಪ್ಪ ಹತ್ತಿ ಕೂತರು. ತಳದಲ್ಲಿ ಬೆರಳುದ್ದ ನೀರು ನಿಂತಿತ್ತು. ಹುಟ್ಟು ಹಾಕುವವನಿಗೆ ಎದುರಾಗಿ ಒಂದು ಗೋಣಿಚೀಲ ಮಡಿಸಿ ಹಾಕಿತ್ತು, ದೋಣಿಯಲ್ಲಿ ಚೌಡಮ್ಮ ಹಾಕಿಕೊಂಡು ಕೂರುತ್ತಿದ್ದ ಹಾಗೆಯೇ. ಅದರ ಮೇಲೆ ಒಂದು ಸಿಲಾವರದ ಚೊಂಬು.

“ಸ್ವಲ್ಪ ಜಿನುಗ್ತದೆ ಅವ್ವಾ,” ಅಂದ ಬೋಳಯ್ಯ. “ಹುಟ್ಟು ಹಾಕೋಕೆ ನಾನಿದ್ದೀನಿ. ಎತ್ತಿ ಹಾಕೋಕೆ ಯಾರೂ ಇಲ್ಲ.”

ಮರಿಸ್ವಾಮಿ ಮೊಣಕಾಲುದ್ದ ನೀರಿನಲ್ಲಿ ನಿಂತೇ ಇದ್ದ. ಒಂದು ಕೈ ತೆಪ್ಪದ ಅಂಚಿನ ಮೇಲೆ, ಒಂದು ಕೈ ಜೇಬಿನ ಮೇಲೆ. ಆಚೆ ದಡದಲ್ಲಿ ಸಂಘದ ಗುಲಾಬಿ ಕಟ್ಟಡ ಕಾಣುತ್ತಿತ್ತು. ಅದರ ಮುಂದೆ ಸಂಜೆಯ ಸಭೆಗೆ ಆಗಲೇ ಕುರ್ಚಿ ಹಾಕುತ್ತಿದ್ದರು.

“ಅಮ್ಮ, ಅಲ್ಲಿ ಹೋಗಿ ನಾನು ಏನು ಹೇಳಲಿ?”

ಪರ್ವತಮ್ಮನವರು ಚೊಂಬು ಎತ್ತಿ ಅವನ ಕಡೆ ಚಾಚಿದರು.

“ಮೊದಲು ಚೌಡಮ್ಮನ ಜಾಗದಲ್ಲಿ ಕೂತ್ಕೋ.”