ಖಾಲಿಯಿರಲು ಹೆದರಿದ ತೊಟ್ಟಿ

ಹೊಸ ಕಟ್ಟಡದ ನೆಲದಡಿಯಲ್ಲಿದ್ದ ಮಳೆನೀರಿನ ತೊಟ್ಟಿಗೆ ಜೀವ ಬಾಯಿಗೆ ಬಂದಿತ್ತು. ಪರಿಸರಸ್ನೇಹಿ ‘ಹಸಿರು ಕಟ್ಟಡ’ವೆಂಬ ಪ್ರಮಾಣಪತ್ರಕ್ಕೆ ಅಂಕ ಕೊಡುವವರು ಬೆಳಗ್ಗೆಯೇ ಬರುವವರಿದ್ದರು. ಒಳಗೆ ನೋಡಿದರೆ ಹನಿ ನೀರಿಲ್ಲ.

"ಖಾಲಿ ಕಂಡರೆ ನನ್ನನ್ನು ಮುಚ್ಚಿಸಿಯೇ ಬಿಡುತ್ತಾರೆ. ಹೇಗಾದರೂ ತುಂಬಿಸಕ್ಕಾ," ಎಂದು ಪಕ್ಕದ ಬೋರ್‌ವೆಲ್ಲನ್ನು ಗೋಗರೆಯಿತು.

"ಮಳೆ ಬರುವವರೆಗೆ ಖಾಲಿ ಇರುವುದೇ ನಿನ್ನ ಕೆಲಸವಲ್ಲವೇ ತಮ್ಮಾ? ನನ್ನಲ್ಲೂ ಉಳಿದಿರುವುದು ತಳದ ನೀರು," ಎಂದಿತು ಬೋರ್‌ವೆಲ್. ಆದರೂ ಮನಸ್ಸು ತಡೆಯದೆ ಇದ್ದುದನ್ನೆಲ್ಲ ಸುರಿಯಿತು.

ಬಂದವರು ಮುಚ್ಚಳ ಎತ್ತಿ ಇಣುಕಿದರು, ತಲೆದೂಗಿದರು, ಅಂಕ ಕೊಟ್ಟು ಹೋದರು. ಮತ್ತೆ ಯಾರಾದರೂ ಬಂದು ಇಣುಕಿದರೆ ಎಂಬ ದಿಗಿಲಿಗೆ ತೊಟ್ಟಿ ಅಂದಿನಿಂದ ಒಂದು ಬಿಂದಿಗೆ ನೀರನ್ನೂ ಹೊರಗೆ ಬಿಡಲಿಲ್ಲ.

ಒಂದು ಸಂಜೆ ತಾರಸಿಯಿಂದಿಳಿದ ಕೊಳವೆ ಗಡಗಡ ನಡುಗಿತು. "ತೊಟ್ಟಿಯಣ್ಣಾ, ಬಾಯಿ ತೆರೆ! ವರ್ಷದ ಮೊದಲ ಮಳೆ ನಿನ್ನನ್ನೇ ಹುಡುಕಿಕೊಂಡು ಬಂದಿದೆ."

ತೊಟ್ಟಿಗೆ ಕುತ್ತಿಗೆಯವರೆಗೂ ಅಕ್ಕನ ನೀರು. "ಒಂದು ಗಳಿಗೆ ಕಾಯಲು ಹೇಳು," ಎಂದು ತೊದಲಿತು.

ಮಳೆ ಕಾಯಲಿಲ್ಲ. ಅಂಗಳ ದಾಟಿ ಮೋರಿಯ ದಾರಿ ಹಿಡಿಯಿತು.

"ಅಕ್ಕಾ, ನಿನ್ನ ನೀರು ವಾಪಸು ತೆಗೆದುಕೋ, ಬೇಗ!" ಎಂದು ತೊಟ್ಟಿ ಚೀರಿತು.

ಅಂದೇ ಬತ್ತಿಹೋಗಿದ್ದ ಬೋರ್‌ವೆಲ್ಲಿನಿಂದ ಬಂದದ್ದು ಬರೀ ಗಾಳಿಯ ಸದ್ದು.