ಬರ್ರಿ, ಬರ್ರಿ

ಚನ್ನಮಲ್ಲಜ್ಜನವರ ಮಠಕ್ಕೆ ಗಾಲಿಗಳಿದ್ದವು. ಹಳೆಯದೊಂದು ಬಸ್ಸಿನೊಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಪೂಜೆಯ ಗೂಡು. ಊರಿಂದ ಊರಿಗೆ ಹೋಗುವುದು, ಹೊಳೆ ಕಂಡಲ್ಲಿ ತಂಗುವುದು. ಒಂದು ಕಡೆ ಮಠ ಯಾಕೆ ಕಟ್ಟಲಿಲ್ಲ ಎಂದು ಕೇಳಿದವರಿಗೆ ಅಜ್ಜ ಚಹಾ ಕೊಟ್ಟು ಕಳಿಸುತ್ತಿದ್ದರು.

ಗಾಡಿ ಓಡಿಸುವುದು, ಅಡುಗೆ, ಎಲ್ಲ ಶಿಷ್ಯ ಶಂಭುಲಿಂಗನ ಪಾಲಿನದು. ಕಲಿಯುವುದೆಲ್ಲ ಕಲಿತಾಯಿತು, ಇನ್ನು ತಾನೂ ಜನರಿಗೆ ಉಪದೇಶ ಹೇಳಬೇಕು ಎಂಬ ಆಸೆ ಅವನನ್ನು ಬಹಳ ದಿನದಿಂದ ಕಾಡುತ್ತಿತ್ತು.

ಒಂದು ಸಂಜೆ ಹೊಳೆದಂಡೆಯ ತಂಗುದಾಣಕ್ಕೆ ಬಂದರು. ಇಂಥ ಮನೆಗಾಡಿಗಳಿಗೆಂದೇ ಮಾಡಿದ ಜಾಗ. ಗಾಡಿಗೊಂದು ನಲ್ಲಿ, ಗಾಡಿಗೊಂದು ಕರೆಂಟಿನ ಕಂಬ. ಇವರಿಗೆ ಸಿಕ್ಕಿದ್ದು ದಂಡೆಯ ಅಂಚಿನ ಜಾಗ.

ಶಂಭುಲಿಂಗ ಎಂಜಿನ್ ಆರಿಸಿ, ಧೈರ್ಯ ಮಾಡಿ ಕೇಳಿಯೇಬಿಟ್ಟ.

"ಅಜ್ಜಾರ, ನಾ ಇನ್ನ ಒಬ್ಬನ ಹೋಗಿ ನಾಕು ಮಂದಿಗೆ ದಾರಿ ತೋರಸಬಹುದೇನ್ರಿ? ಅಪ್ಪಣಿ ಕೊಡ್ರಿ."

"ಮೊದಲ ನನಗ ತೋರಸು," ಎಂದರು ಅಜ್ಜ. "ನೀ ಇಳಿ. ಗಾಡಿ ನಾ ರಿವರ್ಸ್ ತಗೋತೀನಿ."

ಅಜ್ಜ ಸ್ಟೀರಿಂಗ್ ಹಿಡಿದರು. ಶಂಭುಲಿಂಗ ಹಿಂದೆ ನಿಂತು, ಗಾಡಿಯ ಮೈ ತಟ್ಟುತ್ತ, ಕ್ಲೀನರ್‌ಗಳ ಹಾಗೆ ರಾಗ ಎಳೆದ.

"ಬರ್ರಿ, ಬರ್ರಿ, ಬರ್ರಿ..."

ಅಷ್ಟರಲ್ಲಿ ಪಕ್ಕದ ಗಾಡಿಯ ಗಂಡ ಹೆಂಡತಿ ಅವನ ಕಾವಿ ಕಂಡು ಬಂದು ಕಾಲಿಗೆ ಬಿದ್ದರು.

"ಸ್ವಾಮ್ಯಾರ, ಮನಸ್ಸು ಒಂದ ಕಡೆ ನಿಲ್ಲವಲ್ದು. ಏನ್ ಮಾಡೂದ್ರಿ?" ಎಂದಳು ಹೆಂಗಸು.

ಕೇಳಿದ್ದೇ ತಡ, ಶಂಭುಲಿಂಗನ ಮುಖ ಅರಳಿತು. ಅವರ ಕಡೆ ತಿರುಗಿ, ಮನಸ್ಸು ಎಂದರೇನು ಎಂಬಲ್ಲಿಂದ ಶುರು ಹಚ್ಚಿಕೊಂಡ. ಕೈ ಮಾತ್ರ ಗಾಡಿಯನ್ನು ತಟ್ಟುತ್ತಲೇ ಇತ್ತು. ಉಪದೇಶದ ನಡುನಡುವೆ ಬಾಯಿ "ಬರ್ರಿ, ಬರ್ರಿ" ಅನ್ನುತ್ತಲೇ ಇತ್ತು.

ಹೆಂಗಸು ಅವನನ್ನು ಬಿಟ್ಟು ಗಾಡಿಯತ್ತ ನೋಡತೊಡಗಿದಳು. ಅವನೂ ತಿರುಗಿದ. ಹಿಂದಿನ ಗಾಲಿ ದಂಡೆಯ ಅಂಚಿಗೆ ಬಂದಿತ್ತು. ಅದರಡಿಯ ಮಣ್ಣು ಕುಸಿದು ಹೊಳೆಗೆ ಬೀಳುತ್ತಿತ್ತು.

ಅಂಗೈ ಉರಿಯುವಷ್ಟು ಜೋರಾಗಿ ಗಾಡಿಗೆ ಒಂದು ಏಟು ಬಡಿದ. ಗಾಡಿ ನಿಂತಿತು. ಒಳಗೆ ಪಾತ್ರೆಗಳು ಉರುಳಿ ಬಿದ್ದವು.

ಅಜ್ಜ ನಿಧಾನಕ್ಕೆ ಗಾಡಿಯನ್ನು ಮುಂದೆ ತಂದು, ಸಮನಾದ ನೆಲದಲ್ಲಿ ನಿಲ್ಲಿಸಿದರು.

ಶಂಭುಲಿಂಗ ಯಾರ ಮುಖವನ್ನೂ ನೋಡಲಿಲ್ಲ. ಗಾಲಿಗಳಿಗೆ ಕಲ್ಲು ಕೊಟ್ಟ. ನಲ್ಲಿಗೆ ಪೈಪು ಸಿಕ್ಕಿಸಿದ. ವೈರ್ ಎಳೆದು ಕಂಬದ ಪ್ಲಗ್ಗಿಗೆ ಹಾಕಿದ. ಒಳಗೆ ದೀಪ ಹತ್ತಿತು. ತನ್ನ ಬಾಯಿಂದ ಅಜ್ಜ ಹೊಳೆಪಾಲಾಗುತ್ತಿದ್ದರಲ್ಲ ಎಂದು ನೆನೆದರೆ ಅವನಿಗೆ ಅಳುವೇ ಬಂತು.

ಒಳಗೆ ಹೋದಾಗ ಅಜ್ಜ ಚಹಾಕ್ಕೆ ಇಟ್ಟಿದ್ದರು.

"ಅಜ್ಜಾರ, ಕನ್ನಡ್ಯಾಗ ಹೊಳಿ ಕಾಣಲಿಲ್ಲೇನ್ರಿ?"

"ಕಾಣತಿತ್ತು."

"ಮತ್ಯಾಕ ಬಂದ್ರಿ?"

"ನೀ ಬರ್ರಿ ಅಂದಿ."

ಅಪ್ಪಣೆಯ ಮಾತನ್ನು ಶಂಭುಲಿಂಗ ಮತ್ತೆ ಎತ್ತಲಿಲ್ಲ. ಅಜ್ಜನೇ ಎತ್ತಿದರು, ಚಹಾದ ಲೋಟ ಅವನ ಕೈಗೆ ಕೊಡುತ್ತ.

"ನಾಳೆ ಹೋಗೂದಾದ್ರ ಹೋಗು. ಆದ್ರ, ನಿನ್ನ ಮಾತು ಕೇಳಿ ಬರೋ ಮಂದಿಗೆ ಕನ್ನಡಿ ಇರೂದಿಲ್ಲೋ, ತಮ್ಮಾ."